ಸಂಸಾರವೊಂದನ್ನು ಬರೆದಾಕೆ

ತರಗತಿಯಲ್ಲಿ ನವರಸಗಳ ಪಾಠ ಬಂದಾಗ ಹಾಸ್ಯವನ್ನು ಎರಡನೆಯದಾಗಿ ಎಣಿಸಿ ನಾವು ಮುಂದೆ ಸಾಗಿಬಿಡುತ್ತೇವೆ. ಒಂದೇ ಸಂಸಾರವನ್ನು ಇಟ್ಟುಕೊಂಡು ವರ್ಷಗಟ್ಟಲೆ ವಾರವಾರವೂ ಜನರನ್ನು ನಗಿಸುವ ಕಷ್ಟ ನಮ್ಮ ಲಾಕ್ಷಣಿಕರ ಲೆಕ್ಕಕ್ಕೆ ಬಂದುದಲ್ಲ. ಆ ಕಷ್ಟವನ್ನು ಚೆನ್ನಾಗಿ ಬಲ್ಲವರು ಅಮೆರಿಕದ ಗರ್ಟ್ರೂಡ್ ಬರ್ಗ್.

ನ್ಯೂಯಾರ್ಕಿನ ಯೆಹೂದ್ಯ ಮನೆತನವೊಂದರಲ್ಲಿ 1899ರಲ್ಲಿ ಹುಟ್ಟಿದ ಈಕೆ, ತಂದೆ ನಡೆಸುತ್ತಿದ್ದ ಬೆಟ್ಟದೂರಿನ ಹೋಟೆಲಿನಲ್ಲಿ ಅತಿಥಿಗಳ ಬೇಸರ ಕಳೆಯಲು ಪುಟ್ಟ ಪ್ರಹಸನಗಳನ್ನು ಕಟ್ಟುತ್ತಿದ್ದರು. ಷೇರುಪೇಟೆ ಕುಸಿದು ತಿಂಗಳು ತುಂಬುವ ಮೊದಲೇ, 1929ರ ನವೆಂಬರ್ 20ರಂದು, ಅವರ ಗೋಲ್ಡ್‌ಬರ್ಗ್ ಸಂಸಾರ ರೇಡಿಯೋದಲ್ಲಿ ಮಾತನಾಡತೊಡಗಿತು. ಬರೆಯುವವರೂ ಅವರೇ, ತಾಯಿ ಮೋಲಿಯಾಗಿ ನಟಿಸುವವರೂ ಅವರೇ. ಬರೆದ ಕಂತುಗಳು ಸಾವಿರಾರು. ಮೋಲಿಯ ಇಂಗ್ಲಿಷಿನಲ್ಲಿ ಯಿಡ್ಡಿಷಿನ ಲಯವಿತ್ತು. ಆ ನುಡಿಯಿಂದ ನಗೆ ಹುಟ್ಟಿದರೂ ಆಡುವವಳ ಗೌರವಕ್ಕೆ ಕುಂದು ಬರುತ್ತಿರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ತಲೆ ಹೊರಹಾಕಿ ನೆರೆಯವಳನ್ನು ಕೂಗುವ ಆ ಗೃಹಿಣಿಯ ಗುರುತು ಹಿಡಿಯಲು, ವಠಾರದಲ್ಲಿ ಬೆಳೆದ ನನಗೆ ಯಾವ ವ್ಯಾಖ್ಯಾನವೂ ಬೇಕಾಗಲಿಲ್ಲ.

ನಗೆಯ ನಡುವೆ ಅಂಜದ ಲೇಖನಿ ಅದು. ಜರ್ಮನಿಯಲ್ಲಿ ಯೆಹೂದ್ಯರ ಮೇಲೆ ದೌರ್ಜನ್ಯ ನಡೆಯುತ್ತಿದ್ದಾಗ, 1939ರ ಒಂದು ಕಂತಿನಲ್ಲಿ, ಹಬ್ಬದೂಟಕ್ಕೆ ಕುಳಿತ ಆ ಮನೆಯ ಕಿಟಕಿಯನ್ನು ಒಡೆದು ಕಲ್ಲೊಂದು ಬಂದು ಬೀಳುತ್ತದೆ. ಮೋಲಿ ಮಕ್ಕಳನ್ನು ಸಂತೈಸುತ್ತಾಳೆ, ಹಬ್ಬ ಮುಂದುವರಿಯುತ್ತದೆ.

1949ರಲ್ಲಿ ಈ ಸಂಸಾರ ಸಿ.ಬಿ.ಎಸ್. ಟೆಲಿವಿಷನ್ನಿಗೆ ಬಂದಿತು. ಯಜಮಾನ ಜೇಕ್ ಆಗಿ ನಟಿಸಿದವರು ಫಿಲಿಪ್ ಲೋಬ್, ನಟರ ಸಂಘದಲ್ಲಿ ದುಡಿದವರು. 1950ರಲ್ಲಿ ‘ರೆಡ್ ಚಾನೆಲ್ಸ್’ ಎಂಬ ಪುಸ್ತಿಕೆ ಕಮ್ಯೂನಿಸ್ಟ್ ಸಂಬಂಧದ ಶಂಕೆಯಿಂದ ಹೆಸರಿಸಿದವರಲ್ಲಿ ಅವರೂ ಒಬ್ಬರು. ಲೋಬ್ ಆರೋಪವನ್ನು ಅಲ್ಲಗಳೆದರು. ಆದರೂ, ಹಣ ಕೊಡುತ್ತಿದ್ದ ಜನರಲ್ ಫುಡ್ಸ್ ಸಂಸ್ಥೆ ಅವರನ್ನು ತೆಗೆಯಬೇಕೆಂದಿತು. ಬರ್ಗ್ ಒಪ್ಪಲಿಲ್ಲ. ಶ್ರೇಷ್ಠ ನಟಿಯೆಂದು ಎಮ್ಮಿ ಪ್ರಶಸ್ತಿ ಪಡೆದ 1951ರಲ್ಲಿಯೇ ಅವರ ಕಾರ್ಯಕ್ರಮ ಸಿ.ಬಿ.ಎಸ್.ನಲ್ಲಿ ನಿಂತುಹೋಯಿತು.

ಮರುವರ್ಷ ಅದು ಎನ್.ಬಿ.ಸಿ.ಯಲ್ಲಿ ಮತ್ತೆ ಆರಂಭವಾಯಿತು. ಜೇಕ್ ಬೇರೆ ನಟ. ಲೋಬ್ ಪರಿಹಾರಧನ ಪಡೆದು ಹೊರಗುಳಿದಿದ್ದರು. ಇದನ್ನು ಹೇಡಿತನವೆಂದು ಕರೆಯಲು ನನಗೆ ಮನಸ್ಸೊಪ್ಪುವುದಿಲ್ಲ. ಆಕೆಯನ್ನು ನಂಬಿದ ಇತರ ನಟರೂ ಇದ್ದರು. ಧೈರ್ಯವೆಂದೂ ಹೇಳಲಾರೆ. ಆ ಮನೆಯವರು ಏನುಣ್ಣಬೇಕು, ಯಾರೊಡನೆ ಮುನಿಯಬೇಕು ಎಂಬುದೆಲ್ಲ ಬರ್ಗ್ ಅವರ ಕೈಯಲ್ಲಿತ್ತು. ಯಜಮಾನನಾಗಿ ಯಾರಿರಬೇಕೆಂಬುದೊಂದನ್ನು ಮಾತ್ರ ಜಾಹೀರಾತಿನ ದೊರೆಗಳು ನಿರ್ಧರಿಸಿದರು.

ಲೋಬ್ 1955ರ ಸೆಪ್ಟೆಂಬರ್ 1ರಂದು ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಆ ವರ್ಷದ ಕಂತುಗಳಲ್ಲಿ ಗೋಲ್ಡ್‌ಬರ್ಗ್ ಸಂಸಾರ ಬ್ರಾಂಕ್ಸಿನ ವಠಾರವನ್ನು ಬಿಟ್ಟು ಹೇವರ್‌ವಿಲ್ ಎಂಬ ಕಲ್ಪಿತ ಊರಿನ ಸ್ವಂತ ಮನೆಗೆ ಹೋಯಿತು. 1956ರಲ್ಲಿ ಮಾಲಿಕೆ ಮುಗಿಯಿತು. ಬರ್ಗ್ ರಂಗಭೂಮಿಗೆ ಮರಳಿ 1959ರಲ್ಲಿ ಟೋನಿ ಪ್ರಶಸ್ತಿ ಪಡೆದರು, 1966ರಲ್ಲಿ ತೀರಿಕೊಂಡರು. ನೇರವಾಗಿ ಪ್ರಸಾರವಾಗುತ್ತಿದ್ದ ಹಳೆಯ ಕಂತುಗಳಲ್ಲಿ ಕೆಲವು ಫಿಲ್ಮಿನಲ್ಲಿ ಉಳಿದಿವೆ. ಅವುಗಳಲ್ಲಿ ಜೇಕ್ ಇನ್ನೂ ಫಿಲಿಪ್ ಲೋಬ್ ಅವರೇ.