ಎಲುಬು ಕೂಡಿತು, ಕೆಲಸ ಕೂಡಿತೇ?

ವರ್ಷದ ಮೆಣಸಿನಕಾಯಿ ತರಲು ಮೊಮ್ಮಗನ ಜೊತೆ ಬ್ಯಾಡಗಿ ಮಾರುಕಟ್ಟೆಗೆ ಹೋಗಿದ್ದೆ. ಹಳೆಯ ಪರಿಚಯದ ಹಮಾಲರೊಬ್ಬರು ಗೋಡೆಗೆ ಒರಗಿ ಕುಳಿತಿದ್ದರು. ಬೈಕ್ ಬಡಿದು ಕಾಲು ಮುರಿದಿತ್ತು. ರಾಣೇಬೆನ್ನೂರಿನಲ್ಲಿ ರಾಡ್ ಹಾಕಿಸಿಕೊಂಡಿದ್ದರು. ಹಾವೇರಿಯಲ್ಲಿ ಪರಿಹಾರದ ಕೇಸು ನಡೆದಿದೆ. “ಎಲುಬು ಕೂಡೇತಿ ಅಂತ ಡಾಕ್ಟರ್ ಹೇಳ್ಯಾರ್ರೀ. ಆದರ ಚೀಲ ಹೊರಾಕ ಆಗವಲ್ದು” ಅಂದರು.

ಮರಳುವಾಗ ಮೊಮ್ಮಗ ಕೇಳಿದ: “ಅಜ್ಜಾ, ಎಲುಬು ಕೂಡಿದ ಮ್ಯಾಲ ಕೆಲಸಕ್ಕ ಹೋಗಬಹುದಲ್ಲ? ಮತ್ತ ಕೋರ್ಟ್ ಯಾಕ?”

ಒಳ್ಳೆಯ ಪ್ರಶ್ನೆ. ನಾನು ಬ್ಯಾಂಕಿನಲ್ಲಿದ್ದಾಗ ಒಮ್ಮೆ ಎಡಗೈ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಇದ್ದಾಗಲೇ ಲೆಡ್ಜರ್ ಬರೆದೆ, ಸಂಬಳ ನಿಲ್ಲಲಿಲ್ಲ. ಅದೇ ಕೈ ಬಡಿಗನದ್ದಾಗಿದ್ದರೆ? ಎಕ್ಸ್‌ರೇಯಲ್ಲಿ ಎರಡೂ ಮೂಳೆ ಒಂದೇ ರೀತಿ ಕಾಣುತ್ತವೆ. ಮನೆಯ ಒಲೆಯ ಮುಂದೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ನ್ಯಾಯಾಲಯದಲ್ಲಿ ಮೂಳೆ ತಜ್ಞರು ಹೇಳುವುದು ಶಾಶ್ವತ ಊನದ ಪ್ರಮಾಣ: ಕೀಲು ಎಷ್ಟು ಮಡಚುತ್ತದೆ, ಕಾಲು ಎಷ್ಟು ಗಿಡ್ಡವಾಗಿದೆ, ಬಲ ಎಷ್ಟು ಉಳಿದಿದೆ ಎಂದು ನೋಡಿ ಶೇಕಡಾವಾರು ಹೇಳುತ್ತಾರೆ. ಒಂದು ಕಾಲಿನ ಊನ ಶೇ. 40 ಎಂದರೆ ಇಡೀ ದೇಹದ ಊನ ಶೇ. 40 ಅಲ್ಲ. ದೇಹದ ಊನವೇ ದುಡಿಮೆಯ ನಷ್ಟವೂ ಅಲ್ಲ.

ಇದನ್ನು ಸುಪ್ರೀಂ ಕೋರ್ಟ್ 2010ರ ಅಕ್ಟೋಬರ್ ತಿಂಗಳ ತೀರ್ಪೊಂದರಲ್ಲಿ ಬಿಡಿಸಿ ಹೇಳಿತು. ಎಡಗೈ ಹೋದರೆ ಊನ ಸುಮಾರು ಶೇ. 60 ಎನ್ನಬಹುದು. ಆದರೆ ಆತ ಚಾಲಕನೋ ಬಡಿಗನೋ ಆಗಿದ್ದರೆ ದುಡಿಮೆಯ ನಷ್ಟ ಹೆಚ್ಚುಕಡಿಮೆ ಶೇ. 100, ಸರ್ಕಾರಿ ಗುಮಾಸ್ತನಾಗಿದ್ದರೆ ನೌಕರಿಯೇ ಹೋಗದಿರಬಹುದು. ಊನ ಎಷ್ಟೆಂದು ಹೇಳುವುದು ವೈದ್ಯರ ಕೆಲಸ. ಅದರಿಂದ ಗಳಿಕೆ ಎಷ್ಟು ಕುಗ್ಗಿತೆಂದು ತೀರ್ಮಾನಿಸುವುದು ನ್ಯಾಯಮಂಡಳಿಯ ಕೆಲಸ. ಗಾಯಾಳು ಮೊದಲು ಏನು ಮಾಡುತ್ತಿದ್ದ, ಈಗ ಏನು ಮಾಡಬಲ್ಲ, ಬೇರೆ ಕೆಲಸದಿಂದ ಬದುಕಬಲ್ಲನೇ ಎಂಬುದನ್ನೆಲ್ಲ ಅದು ನೋಡಬೇಕು.

ನಮ್ಮ ಕರ್ನಾಟಕದ್ದೇ ಇನ್ನೊಂದು ಪ್ರಕರಣ. 24 ವರ್ಷದ ತರಕಾರಿ ವ್ಯಾಪಾರಿಯೊಬ್ಬ ಅಪಘಾತದಲ್ಲಿ ಬಲಗಾಲು ಕಳೆದುಕೊಂಡ. ಹೈಕೋರ್ಟ್ ಆತನ ನಷ್ಟವನ್ನು ಶೇ. 65 ಎಂದಿತ್ತು. 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಶೇ. 85ಕ್ಕೆ ಏರಿಸಿತು. ತರಕಾರಿ ಮಾರುವುದೆಂದರೆ ಕುಳಿತು ತೂಗುವುದಷ್ಟೇ ಅಲ್ಲ. ಸಗಟು ಮಾರುಕಟ್ಟೆಯಿಂದ ಮಾಲು ತರಬೇಕು, ಗಾಡಿ ತಳ್ಳಬೇಕು ಎಂಬುದು ಅದರ ವಾದ. ಮೈಮುರಿದು ದುಡಿಯುವವನಿಗೆ ಅಂಗ ಹೋಯಿತೆಂದರೆ ಎಷ್ಟೋ ಸಲ ಅನ್ನವೇ ಹೋದಂತೆ ಎಂಬುದನ್ನೂ ಅದು ನೆನಪಿಸಿತು.

ಮಕ್ಕಳೇ, ಈಗ ಪೆನ್ಸಿಲ್ ಹಿಡಿಯಿರಿ. ಮುಂದೆ ಹೆಚ್ಚಬಹುದಾದ ಗಳಿಕೆಯೂ ಸೇರಿ ಆತನ ಆದಾಯವನ್ನು ತಿಂಗಳಿಗೆ 9,750 ರೂಪಾಯಿ ಎಂದು ಹಿಡಿದರು. ವರ್ಷಕ್ಕೆ 1,17,000. ಆ ವಯಸ್ಸಿಗೆ ಗುಣಕ 18, ಗುಣಿಸಿದರೆ 21,06,000. ಅದರಲ್ಲಿ ಶೇ. 65 ಎಂದರೆ 13,68,900. ಶೇ. 85 ಎಂದರೆ 17,90,100. ಅಂತರ 4,21,200 ರೂಪಾಯಿ! ಮಾರುಕಟ್ಟೆಯ ಕೆಲಸ ಹೇಗಿರುತ್ತದೆ ಎಂದು ಅರಿತುಕೊಂಡದ್ದರ ಬೆಲೆ ಅದು.

ಅದಕ್ಕೇ ಹಿರಿಯರಿಗೆ ಒಂದು ಮಾತು. ಡಾಕ್ಟರ ಮುಂದೆ ಬರೀ “ಕೂಲಿ ಮಾಡ್ತೀನ್ರಿ” ಎನ್ನಬೇಡಿ. ಎಷ್ಟು ಭಾರ ಹೊರುತ್ತೀರಿ, ಎಷ್ಟು ಹೊತ್ತು ನಿಲ್ಲುತ್ತೀರಿ, ನೆಲದ ಮೇಲೆ ಕುಳಿತು ಏಳಬೇಕೇ ಎಂಬುದನ್ನು ಬಿಡಿಸಿ ಹೇಳಿ. ತೊಟ್ಟು ಬಿಡಿಸುವ ಹೆಣ್ಣುಮಗಳಿಗೆ ಮೊಣಕಾಲು ಮಡಚದಿದ್ದರೆ ದಿನವಿಡೀ ಕೂಡುವುದು ಹೇಗೆ? ಆಸ್ಪತ್ರೆಯ ಚೀಟಿ, ಎಕ್ಸ್‌ರೇ, ಬಿಲ್ಲು ಎಲ್ಲವನ್ನೂ ಒಂದೇ ಚೀಲದಲ್ಲಿ ಜೋಪಾನವಾಗಿಡಿ. ಚಿಕಿತ್ಸೆ ಕೊಟ್ಟ ಅಥವಾ ಪರೀಕ್ಷಿಸಿದ ವೈದ್ಯರೇ ಬಂದು ಸಾಕ್ಷಿ ಹೇಳಿದರೆ ತೂಕ ಹೆಚ್ಚು. ಬರೀ ಪ್ರಮಾಣಪತ್ರ ತೋರಿಸಿದರೆ ಸಾಲದು.

ಮುಂದಿನ ಭಾನುವಾರ ಆ ಹಮಾಲರ ಮನೆಗೆ ಹೋದೆವು. ಅವರು ಹೇಳುತ್ತ ಹೋದರು, ಮೊಮ್ಮಗ ತನ್ನ ನೋಟುಬುಕ್ಕಿನ ಹಾಳೆಯಲ್ಲಿ ಬರೆದುಕೊಂಡ: ಲಾರಿಯಿಂದ ಚೀಲ ಇಳಿಸುವುದು, ಬೆನ್ನ ಮೇಲೆ ಹೊರುವುದು, ಹಲಗೆ ಹತ್ತುವುದು, ಒಟ್ಟುವುದು. ಹಾಳೆಯ ಎರಡೂ ಬದಿ ತುಂಬಿತು. ಹಾಳೆಯನ್ನು ಮಡಿಚಿ ಎಕ್ಸ್‌ರೇ ಇದ್ದ ಚೀಲದಲ್ಲಿ ಇಟ್ಟುಕೊಂಡ ಅವರು, “ನಾ ಇಷ್ಟೆಲ್ಲಾ ಮಾಡ್ತಿದ್ದೆ ಅಂತ ನನಗ ಗೊತ್ತಿರಲಿಲ್ಲ ತಮ್ಮಾ” ಅಂದರು.