ತಂತ್ರಾಂಶ ಸ್ಥಾಪನೆಯ ಪರಿಶೀಲನೆ (ಡೆಬಿಯನ್)

ಮುಕ್ತ ಕಾರ್ಯಾಚರಣಾ ವ್ಯವಸ್ಥೆಗಳಾದ ಡೆಬಿಯನ್ ಹಾಗೂ ಅದನ್ನು ಆಧರಿಸಿದ ಉಬುಂಟುವಿನಲ್ಲಿ, ಗಣಕದಲ್ಲಿ ತಂತ್ರಾಂಶವೊಂದು ಇದೆಯೇ ಎಂಬುದನ್ನು ಟರ್ಮಿನಲ್‌ನ ‘ಡಿಪಿಕೆಜಿ’ ಆದೇಶದಿಂದ ತಿಳಿಯಬಹುದು.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಎಂಬ ಊರ ಹೆಸರುಗಳು ಪರದೆಯಲ್ಲಿ ಖಾಲಿ ಚೌಕಗಳಾಗಿ ಕಂಡರೆ ಕನ್ನಡ ಅಕ್ಷರಶೈಲಿ ಇಲ್ಲವೆಂದು ಊಹಿಸಬಹುದು. ಗುಬ್ಬಿ ಅಕ್ಷರಶೈಲಿಯ ಪ್ಯಾಕೇಜು ‘ಫಾಂಟ್ಸ್-ಗುಬ್ಬಿ’. ‘ಡಿಪಿಕೆಜಿ -ಎಲ್’ ಎಂದು ಬರೆದು ಮುಂದೆ ಈ ಹೆಸರನ್ನು ಕೊಟ್ಟಾಗ, ಸಾಲಿನ ಆರಂಭದಲ್ಲಿ ‘ಐಐ’ ಬಂದರೆ ಅದು ಸ್ಥಾಪಿತವಾಗಿದೆ. ‘ಆರ್‌ಸಿ’ ಬಂದರೆ ಪ್ಯಾಕೇಜನ್ನು ತೆಗೆದುಹಾಕಲಾಗಿದ್ದು, ಸಂರಚನಾ ಕಡತಗಳಷ್ಟೇ ಉಳಿದಿವೆ. ಪಟ್ಟಿಯಲ್ಲಿ ಹೆಸರು ಕಂಡಮಾತ್ರಕ್ಕೆ ತಂತ್ರಾಂಶ ಇದೆಯೆನ್ನಲಾಗದು. ‘ವಿಚ್’ ಆದೇಶವು ಚಲಾಯಿಸಬಲ್ಲ ಕಡತಗಳನ್ನು ಮಾತ್ರ ಹುಡುಕುವುದರಿಂದ ಅಕ್ಷರಶೈಲಿಯ ವಿಷಯದಲ್ಲಿ ನಿರುಪಯುಕ್ತ.

ಬಳಕೆದಾರರೇ ನಕಲಿಸಿಟ್ಟ ಅಕ್ಷರಶೈಲಿಯ ಕಡತಗಳು ಡಿಪಿಕೆಜಿಯ ದಾಖಲೆಯಲ್ಲಿ ಇರುವುದಿಲ್ಲ. ಅವುಗಳನ್ನು ‘ಎಫ್‌ಸಿ-ಲಿಸ್ಟ್’ ಆದೇಶ ತೋರಿಸುತ್ತದೆ.