ಒಂದೇ ಪುಟ, ಹಲವು ರೂಪ

ಬಡಗಿಯ ಬಳಿಗೆ ಹೋಗಿ ‘ಮೂರು ಅಡಿ ಅಗಲದ ಪೆಟ್ಟಿಗೆಯೊಂದು ಬೇಕು’ ಎಂದರೆ, ಅನುಭವಿಯಾದವನು ಒಡನೆಯೇ ಕೇಳುತ್ತಾನೆ: ‘ಒಳ ಅಳತೆಯೋ, ಹೊರ ಅಳತೆಯೋ?’ ಈ ಪ್ರಶ್ನೆಯನ್ನು ಕೇಳದೆಯೇ ಇಬ್ಬರು ಬಡಗಿಗಳು ಕೆಲಸಕ್ಕೆ ತೊಡಗಿದರೆ, ಒಬ್ಬನ ಪೆಟ್ಟಿಗೆ ಗೋಡೆಯ ಮೂಲೆಯಲ್ಲಿ ಸರಿಯಾಗಿ ಕೂರಬಹುದು. ಇನ್ನೊಬ್ಬನದು ಹಲಗೆಗಳ ದಪ್ಪದಷ್ಟು ಹೊರಕ್ಕೆ ಚಾಚಬಹುದು. ಅಂತರ್ಜಾಲದ ಇತಿಹಾಸದಲ್ಲಿ ಇಂತಹುದೇ ಒಂದು ಪ್ರಸಂಗ ನಡೆದಿದೆ.

ಕಂಪ್ಯೂಟರಿನಲ್ಲಿ ನಾವು ನೋಡುವ ಪುಟವು ಸಿದ್ಧಪಡಿಸಿದ ಚಿತ್ರವಾಗಿ ನಮ್ಮ ಬಳಿಗೆ ಬರುವುದಿಲ್ಲ. ಬರಹವೂ, ಅದನ್ನು ಹೇಗೆ ತೋರಿಸಬೇಕೆಂಬ ಆದೇಶಗಳ ಪಟ್ಟಿಯೂ ಬೇರೆಬೇರೆಯಾಗಿ ಬರುತ್ತವೆ. ಈ ಪಟ್ಟಿಯೇ ಸ್ಟೈಲ್‌ಶೀಟ್. ಅದರ ಭಾಷೆ ಸಿಎಸ್‌ಎಸ್. ನಾರ್ವೆಯ ಹೋಕೊನ್ ವಿಯಮ್ ಲೀ ಅವರು ಇದನ್ನು 1994ರಲ್ಲಿ ಸೂಚಿಸಿದರು. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಮ್ ಎಂಬ ಸಂಸ್ಥೆ 1996ರ ಡಿಸೆಂಬರಿನಲ್ಲಿ ಇದರ ಮೊದಲ ನಿಯಮಾವಳಿಯನ್ನು ಪ್ರಕಟಿಸಿತು. ಆದೇಶಗಳನ್ನು ಓದಿ ಪುಟವನ್ನು ರಚಿಸುವ ಹೊಣೆ ಬ್ರೌಸರಿನದು. ಬ್ರೌಸರುಗಳಾದರೋ ಹಲವು, ಅವುಗಳನ್ನು ನಿರ್ಮಿಸುವವರೂ ಹಲವರು.

ಪುಟದಲ್ಲಿ ಒಂದು ಚೌಕದ ಅಗಲ 300 ಪಿಕ್ಸೆಲ್, ಒಳಗಿನ ಅಂಚು ಎರಡೂ ಕಡೆ 20, ಗೆರೆಯ ದಪ್ಪ ಎರಡೂ ಕಡೆ 5 ಎಂದು ಬರೆದಿದೆಯೆನ್ನೋಣ. ನಿಯಮಾವಳಿಯ ಪ್ರಕಾರ 300 ಎಂಬುದು ಒಳ ಅಳತೆ. ಆದುದರಿಂದ ಚೌಕದ ಒಟ್ಟು ಅಗಲ 350. ಆದರೆ ವಿಂಡೋಸ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಇದನ್ನು ಹೊರ ಅಳತೆಯೆಂದು ಭಾವಿಸಿತು. ಅದರಲ್ಲಿ ಒಟ್ಟು ಅಗಲ 300, ಬರಹಕ್ಕೆ ಉಳಿದುದು 250 ಮಾತ್ರ. ಪಕ್ಕಪಕ್ಕದಲ್ಲಿರಬೇಕಾದ ಎರಡು ಅಂಕಣಗಳಲ್ಲಿ ಒಂದು, ಸ್ಥಳ ಸಾಲದೆ ಕೆಳಕ್ಕೆ ಜಾರಲು ಈ 50 ಪಿಕ್ಸೆಲ್‌ಗಳ ವ್ಯತ್ಯಾಸವೇ ಸಾಕು.

ತಪ್ಪನ್ನು ಒಮ್ಮೆಗೇ ತಿದ್ದಬಹುದಿತ್ತಲ್ಲವೇ? ಸಾಧ್ಯವಿರಲಿಲ್ಲ. ತಿದ್ದಿದ್ದರೆ, ಹಳೆಯ ಅಳತೆಯನ್ನೇ ನಂಬಿ ಬರೆದ ಅಸಂಖ್ಯ ಪುಟಗಳು ಕೆಡುತ್ತಿದ್ದವು. ಆದುದರಿಂದ 2001ರ ಆರನೆಯ ಆವೃತ್ತಿಯಲ್ಲಿ ಒಂದು ಮಧ್ಯಮಮಾರ್ಗವನ್ನು ಅನುಸರಿಸಲಾಯಿತು. ಪುಟದ ಮೊದಲ ಸಾಲಿನಲ್ಲಿ ತಕ್ಕ ಘೋಷಣೆಯಿದ್ದರೆ ನಿಯಮದ ಅಳತೆ. ಇಲ್ಲದಿದ್ದರೆ ಹಳೆಯ ಅಳತೆ. ಮುಂದೆ ‘ಬಾಕ್ಸ್-ಸೈಜಿಂಗ್’ ಎಂಬ ಆದೇಶವು ಬಂದು, ಒಳ ಅಳತೆಯೋ ಹೊರ ಅಳತೆಯೋ ಎಂಬುದನ್ನು ಲೇಖಕನೇ ಹೇಳುವಂತಾಯಿತು.

ಎರಡನೆಯ ಬಗೆಯ ತೊಡಕು ಹೊಸ ಆದೇಶಗಳಿಂದ ಹುಟ್ಟುತ್ತದೆ. ಹಳೆಯ ಬ್ರೌಸರಿಗೆ ಅವು ತಿಳಿಯವು. ಇದಕ್ಕಾಗಿ ಸಿಎಸ್‌ಎಸ್‌ನಲ್ಲಿ ಒಂದು ಸರಳ ನಿಯಮವಿದೆ: ಅರ್ಥವಾಗದ ಆದೇಶವನ್ನು ಬಿಟ್ಟು ಮುಂದೆ ನಡೆಯಬೇಕು, ಅರ್ಥವಾದವುಗಳಲ್ಲಿ ಸಮಾನವಾದ ಎರಡಿದ್ದರೆ ಕೊನೆಯದನ್ನು ಪಾಲಿಸಬೇಕು.

ಈ ನಿಯಮದ ಬೆಲೆಯನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಪರೀಕ್ಷಾಶುಲ್ಕದ ಕೊನೆಯ ದಿನಾಂಕವನ್ನು ಬಿಳಿಯ ಅಕ್ಷರಗಳಲ್ಲಿ ಬರೆದು, ಹಿನ್ನೆಲೆಗೆ ಕಡುನೀಲಿಯಿಂದ ತಿಳಿನೀಲಿಗೆ ಇಳಿಯುವ ಬಣ್ಣವನ್ನು ಮಾತ್ರ ಸೂಚಿಸಿದ್ದಾರೆ ಎಂದಿಟ್ಟುಕೊಳ್ಳಿ. ಆ ಆದೇಶವನ್ನು ಅರಿಯದ ಬ್ರೌಸರು ಅದನ್ನು ಬಿಟ್ಟುಬಿಡುತ್ತದೆ. ಆಗ ಬಿಳಿಯ ಪುಟದ ಮೇಲೆ ಬಿಳಿಯ ಅಕ್ಷರ! ಹಳೆಯ ಫೋನನ್ನು ಹಿಡಿದ ವಿದ್ಯಾರ್ಥಿಗೆ ದಿನಾಂಕ ಕಾಣುವುದೇ ಇಲ್ಲ. ಮೊದಲ ಸಾಲಿನಲ್ಲಿ ಸಾಮಾನ್ಯ ನೀಲಿಯನ್ನೂ, ಎರಡನೆಯ ಸಾಲಿನಲ್ಲಿ ಇಳಿಬಣ್ಣವನ್ನೂ ಬರೆದಿದ್ದರೆ ಈ ಅನರ್ಥ ತಪ್ಪುತ್ತಿತ್ತು. ಹಳೆಯದು ಮೊದಲನೆಯದನ್ನು ಪಾಲಿಸುತ್ತದೆ, ಹೊಸದು ಎರಡನೆಯದನ್ನು.

ಕನ್ನಡದ ಪುಟಗಳಿಗೂ ಇದೇ ನ್ಯಾಯ ಸಲ್ಲುತ್ತದೆ. ವಿಂಡೋಸ್‌ನೊಡನೆ ಬಂದ ‘ತುಂಗಾ’ ಅಕ್ಷರರೂಪವು ಆ್ಯಪಲ್ ಯಂತ್ರದಲ್ಲಿರಬೇಕೆಂದಿಲ್ಲ. ಆದುದರಿಂದ ‘ತುಂಗಾ, ಕನ್ನಡ ಸಂಗಂ ಎಂಎನ್, ನೋಟೋ ಸ್ಯಾನ್ಸ್ ಕನ್ನಡ’ ಎಂದು ಸಾಲಾಗಿ ಹೆಸರಿಸುತ್ತಾರೆ. ಬ್ರೌಸರು ಮೊದಲನೆಯದು ದೊರೆಯದಿದ್ದರೆ ಮುಂದಿನದನ್ನು ಹುಡುಕುತ್ತದೆ.

ಕೆಲವರು ಬ್ರೌಸರಿನ ಹೆಸರನ್ನು ಕೇಳಿ, ಅದಕ್ಕೆ ತಕ್ಕ ಆದೇಶಗಳನ್ನು ಕಳುಹಿಸುವುದುಂಟು. ಇದು ಭದ್ರವಾದ ಮಾರ್ಗವಲ್ಲ. ಹೆಸರು ಅದೇ ಇದ್ದರೂ ಸಾಮರ್ಥ್ಯವು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ‘ನೀನು ಯಾರು?’ ಎನ್ನುವುದಕ್ಕಿಂತ ‘ಈ ಕೆಲಸ ಬಲ್ಲೆಯಾ?’ ಎಂದು ಕೇಳುವುದು ಮೇಲು. ‘ಸಪೋರ್ಟ್ಸ್’ ಎಂಬ ನಿಯಮವು ಕೇಳುವುದು ಈ ಎರಡನೆಯ ಪ್ರಶ್ನೆಯನ್ನೇ.

ಮೈಕ್ರೋಸಾಫ್ಟ್ ಸಂಸ್ಥೆ 2022ರ ಜೂನ್ ತಿಂಗಳಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ವಿದಾಯ ಹೇಳಿತು. ಆದರೂ ಸಮಸ್ಯೆ ಮುಗಿದಿಲ್ಲ. ಹಳೆಯ ಫೋನುಗಳು ಇನ್ನೂ ಜನರ ಕೈಯಲ್ಲಿವೆ. ಪುಟವು ಎಲ್ಲೆಡೆ ಒಂದೇ ರೀತಿ ಕಾಣಲೇಬೇಕೆಂಬ ಹಟ ಬೇಡ. ಎಲ್ಲೆಡೆಯೂ ಓದಲು ಬರಬೇಕು. ಪುಟವನ್ನು ಬರೆಯಹೊರಟ ವಿದ್ಯಾರ್ಥಿಗಳು, ಪ್ರಕಟಿಸುವ ಮೊದಲು ಅದನ್ನು ಮನೆಯಲ್ಲಿರುವ ಅತ್ಯಂತ ಹಳೆಯ ಫೋನಿನಲ್ಲಿ ಒಮ್ಮೆ ತೆರೆದು ನೋಡಲಿ.